ಹೋಗದ ಕರೆ, ಹೋಗುವ ನೀಲಿ

ಬೋಧನಾಭ್ಯಾಸದ ಮೂರನೆಯ ದಿನ ಹತ್ತನೇ ತರಗತಿಯಲ್ಲಿ ನಾನು ಆಡಿದ ಒಂದು ಮಾತು ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಎಲ್ಲೂ ದಾಖಲಾಗಿಲ್ಲ. ಮುಂದಿನ ಸಾಲಿನಲ್ಲಿ ಬೋಧನಾಭ್ಯಾಸಕ್ಕೆ ಹೊರಡುವವರಿಗೆ ಉಪಯೋಗವಾಗಬಹುದೆಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾದದ್ದು ತುರುವೇಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಜುಲೈ ತಿಂಗಳು. ವಿಜ್ಞಾನದ ಮೊದಲ ಅಧ್ಯಾಯ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ನಡೆಯುತ್ತಿತ್ತು. ಸಮೀಕರಣ ಸರಿದೂಗಿಸಲು ಒಬ್ಬ ಹುಡುಗನನ್ನು ಕಪ್ಪುಹಲಗೆಗೆ ಕರೆದೆ. ಅವನು ಎದ್ದು ಬಂದಾಗ ಅಂಗಿಯ ಮುಂಭಾಗದ ತುಂಬ ಕಂದು ಕಲೆಗಳು ಕಂಡವು. ಆ ವರ್ಷದ ಹೊಸ ಸಮವಸ್ತ್ರ ಅದು. ಹಿಂದಿನ ಬೆಂಚಿನಲ್ಲಿ ನನ್ನ ಸಹಪಾಠಿ ಅವಲೋಕನ ನಮೂನೆ ಹಿಡಿದು ಕೂತಿದ್ದಳು. ತರಗತಿ ನಿರ್ವಹಣೆಯಲ್ಲಿ ನಾನು ಮೆತ್ತಗೆ ಎಂದು ಹಿಂದಿನ ದಿನವಷ್ಟೇ ಬರೆಸಿಕೊಂಡಿದ್ದೆ.

“ಏನೋ ಇದು? ಹತ್ತನೇ ಕ್ಲಾಸು ನೀನು. ಅಂಗಿ ಒಗ್ಕೊಂಡು ಬರೋಕಾಗಲ್ವಾ?” ಎಂದೆ.

ತರಗತಿ ನಕ್ಕಿತು. ಅವನು “ಒಗ್ದಿದೀನಿ ಮಿಸ್” ಎಂದ. ಸಮೀಕರಣವನ್ನು ಸರಿಯಾಗಿಯೇ ಬರೆದು ಹೋಗಿ ಕೂತ. ಆ ದಿನದ ಅವಲೋಕನ ನಮೂನೆಯಲ್ಲಿ ನನಗೆ ಸಿಕ್ಕ ಷರಾ: “ತರಗತಿ ನಿರ್ವಹಣೆ ಉತ್ತಮಗೊಂಡಿದೆ.”

ಮರುದಿನ ಅವನು ಸ್ವೆಟರ್ ಹಾಕಿಕೊಂಡು ಬಂದ. ಬೆಳಗಿನ ಜಡಿಮಳೆಗೆ ಅದು ಸರಿ ಅನ್ನಿಸಿತು. ಮಧ್ಯಾಹ್ನ ಬಿಸಿಲು ಬಂದಾಗಲೂ ತೆಗೆಯಲಿಲ್ಲ. ಅದರ ಮರುದಿನವೂ ಸ್ವೆಟರ್. ಕೂರುತ್ತಿದ್ದ ಜಾಗ ಎರಡನೇ ಬೆಂಚಿನಿಂದ ಕೊನೆಯ ಬೆಂಚಿಗೆ ಹೋಗಿತ್ತು. ಪ್ರಶ್ನೆ ಕೇಳಿದರೆ ಎದ್ದು ನಿಂತು ಸುಮ್ಮನಿರುತ್ತಿದ್ದ.

ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. ಅವರು ಗದರಲಿಲ್ಲ. “ಅವರಪ್ಪ ಕ್ರಾಸಲ್ಲಿ ಎಳನೀರು ಇಟ್ಕೊಂಡಿದಾರಮ್ಮ. ಸ್ಕೂಲು ಬಿಟ್ಟ ಕೂಡ್ಲೆ ಇವನು ಅಲ್ಲಿಗೇ ಹೋಗ್ತಾನೆ. ಮನೆಗೆ ಹೋಗಿ ಅಂಗಿ ಬದಲಾಯಿಸಿ ಬರೋಷ್ಟರಲ್ಲಿ ಬಸ್ಸುಗಳ ಟೈಮ್ ಮುಗಿದಿರ್ತದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನೀವೂ ಇದೇ ಕಡೆಯವರಲ್ವಾ?” ಎಂದರು.

ನಿಜ. ನಾನು ತಿಪಟೂರು ತಾಲ್ಲೂಕಿನವಳು. ನಮ್ಮ ಮನೆಯ ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ ಇಲ್ಲದ ವರ್ಷವೇ ಇಲ್ಲ. ತೋಟಕ್ಕೆ ಹೋಗುವಾಗ ಹಾಕುವ ಬಟ್ಟೆ, ಊರಿಗೆ ಹೋಗುವಾಗ ಹಾಕುವ ಬಟ್ಟೆ ಎಂದು ನಮ್ಮಲ್ಲಿ ಎರಡು ಹಗ್ಗಗಳಿವೆ. ಮಟ್ಟೆಯ ಕರೆ ಅಂದರೆ ಏನೆಂದು ನನಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೆ ಸೀರೆ ಉಟ್ಟು, ಪಾಠಯೋಜನೆಯ ಪುಸ್ತಕ ಹಿಡಿದು, ಅವಲೋಕನಕ್ಕೆ ಹೆದರಿ ನಿಂತ ಆ ಹೊತ್ತಿನಲ್ಲಿ ಅದು ನನಗೆ ಬರಿಯ ಕೊಳೆಯಾಗಿ ಕಂಡಿತು.

ಆ ಸಂಜೆ ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಅಂದದ್ದು ಇಷ್ಟೇ: “ಎಳನೀರಿನ ಕರೆ ಎಲ್ಲಿ ಹೋಗ್ತದೆ? ಆಗಿಂದಾಗ್ಲೇ ನೀರಿಗೆ ಹಾಕುದ್ರೆ ಒಂದಿಷ್ಟು ಬಿಡ್ತದೆ. ಒಣಗಿತೋ, ಅಂಗಿ ಹರಿಯೋತನಕ ಇರ್ತದೆ. ಆ ಹುಡುಗನ ತಾಯಿ ಎಷ್ಟು ಉಜ್ಜಿದಾಳೋ ಏನೋ.”

ಪಕ್ಕದಲ್ಲಿ ಹಗ್ಗದ ಮೇಲೆ ನನ್ನ ತಮ್ಮನ ಜೀನ್ಸ್ ಪ್ಯಾಂಟು ಒಣಗುತ್ತಿತ್ತು. ಬೆಂಗಳೂರಿನಲ್ಲಿ ಕೊಂಡದ್ದು. ಮೊಣಕಾಲಿನ ಹತ್ತಿರ, ತೊಡೆಯ ಮೇಲೆ ಬಣ್ಣ ಹೋಗಿ ಬೆಳ್ಳಗಾಗಿದೆ. ಹಾಗೆ ಬಣ್ಣ ಹೋಗಿರುವುದಕ್ಕೇ ಅದಕ್ಕೆ ಹೆಚ್ಚು ಬೆಲೆ ಕೊಟ್ಟಿದ್ದ. ಅದಕ್ಕೆ ಕೆಳಗೆ ಅಪ್ಪನ ತೋಟದ ಪಂಚೆ, ಅದರ ತುಂಬ ಹೋಗದ ಕರೆ. ಒಂದರಲ್ಲಿ ಬಣ್ಣ ನಿಲ್ಲುವುದಿಲ್ಲ, ಇನ್ನೊಂದರಲ್ಲಿ ಬಣ್ಣ ಹೋಗುವುದಿಲ್ಲ. ಎರಡೂ ಹತ್ತಿಯ ಬಟ್ಟೆಯೇ. ನಾನು ಮಾಡಬೇಕಿದ್ದ ಮುಂದಿನ ಪಾಠ ಉತ್ಕರ್ಷಣ ಮತ್ತು ಅಪಕರ್ಷಣ. ಪಾಠ ಹಗ್ಗದ ಮೇಲೇ ತೂಗುತ್ತಿತ್ತು.

ಆದರೆ ಒಂದು ತೀರ್ಮಾನ ಮೊದಲೇ ಮಾಡಿದೆ. ಆ ಹುಡುಗನ ಅಂಗಿಯನ್ನು ಉದಾಹರಣೆಯಾಗಿ ತೋರಿಸಬಾರದು. ಒಳ್ಳೆಯ ಉದ್ದೇಶಕ್ಕೆ ತೋರಿಸಿದರೂ ಅವನ ಪಾಲಿಗೆ ಅದು ಎರಡನೇ ಸಲ ನಿಲ್ಲಿಸಿ ನೋಡಿದ ಹಾಗೆಯೇ. ಕರೆ ಹಿಡಿಸುವುದಾದರೆ ನನ್ನ ಬಟ್ಟೆಗೆ ಹಿಡಿಸಬೇಕು.

ಹಳೆಯ ಬಿಳಿ ಪಂಚೆಯನ್ನು ಕೈಯಗಲದ ಪಟ್ಟಿಗಳಾಗಿ ಹರಿದುಕೊಂಡೆ. ಎಳನೀರಿನ ಮಟ್ಟೆಯನ್ನು ಚೂರು ಮಾಡಿ ಅರ್ಧ ಗಂಟೆ ಕುದಿಸಿದೆ. ಕೆಂಪು ಕಂದು ನೀರು ಬಿಟ್ಟಿತು. ಒಂದು ಬಾಟಲಿ ವಿನೆಗರ್‌ನಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಐದು ದಿನ ನೆನೆಹಾಕಿದೆ. ಅಂಗಡಿಯಲ್ಲಿ ಪಟಿಕ ತಂದೆ. ತಮ್ಮನ ಎರಡು ಜೀನ್ಸ್, ಒಂದು ಹೊಸದು, ಇನ್ನೊಂದು ಬಣ್ಣ ಹೋದದ್ದು. ಪ್ರಯೋಗಾಲಯದಿಂದ ಮಸೂರ ಕೇಳಿ ಪಡೆದೆ. ಬೋಧನೋಪಕರಣಕ್ಕೆ ನನಗಾದ ಖರ್ಚು ವಿನೆಗರ್ ಮತ್ತು ಪಟಿಕದ್ದು ಮಾತ್ರ.

ಮೊದಲ ಅವಧಿಯನ್ನು ಜೀನ್ಸ್‌ಗೆ ಕೊಟ್ಟೆ. ಮಕ್ಕಳು ಗುಂಪಿಗೊಂದರಂತೆ ಬಟ್ಟೆಯನ್ನು ತಿರುಗಿಸಿ ನೋಡಿದರು. ಹೊರಗೆ ನೀಲಿ, ಒಳಮೈ ಬೆಳ್ಳಗೆ. ಡೆನಿಮ್‌ನಲ್ಲಿ ಹಾಸಿನ ನೂಲಿಗೆ ಮಾತ್ರ ಬಣ್ಣ ಹಾಕಿರುತ್ತಾರೆ, ಹೊಕ್ಕಿನ ನೂಲು ಬಿಳಿ. ಹಾಸಿನ ಎಳೆ ಸಾಮಾನ್ಯವಾಗಿ ಮೂರು ಹೊಕ್ಕಿನ ಮೇಲೆ ಹಾದು ಒಂದರ ಕೆಳಗೆ ಹೋಗುತ್ತದೆ. ಅದರಿಂದಲೇ ಓರೆಗೆರೆಗಳು ಕಾಣುತ್ತವೆ, ನೀಲಿ ಮೇಲೆ ಬರುತ್ತದೆ. ಅಂಚಿನಿಂದ ಒಂದು ನೀಲಿ ಎಳೆ ಕಿತ್ತು, ಅದರ ಹುರಿ ಬಿಚ್ಚಿ ಮಸೂರದಲ್ಲಿ ನೋಡಲು ಹೇಳಿದೆ. “ಮಿಸ್, ಒಳಗೆ ಬೆಳ್ಳಗಿದೆ!” ಎಂದು ಮೂರು ಗುಂಪುಗಳು ಒಟ್ಟಿಗೆ ಕೂಗಿದವು. ಮೂಲಂಗಿಯ ಸಿಪ್ಪೆ ಕೆಂಪಗಿದ್ದು ಒಳಗೆ ಬೆಳ್ಳಗಿರುವ ಹಾಗೆ ಎಂದು ಒಬ್ಬಳು ಸೇರಿಸಿದಳು. ನನ್ನ ಯೋಜನೆಯಲ್ಲಿದ್ದ ಹೋಲಿಕೆಗಿಂತ ಅದೇ ಚೆನ್ನಾಗಿತ್ತು.

ನೀಲಿ ಏಕೆ ಒಳಗೆ ಇಳಿಯಲಿಲ್ಲ? ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಕರಗದಿದ್ದರೆ ನೂಲಿಗೆ ಹಿಡಿಯದು. ಅದಕ್ಕಾಗಿ ಕ್ಷಾರೀಯ ದ್ರಾವಣದಲ್ಲಿ ಅದನ್ನು ಅಪಕರ್ಷಿಸುತ್ತಾರೆ. ಆಗ ನೀಲಿ ಮಾಯವಾಗಿ ಹಳದಿ ಹಸಿರಿನ, ನೀರಿನಲ್ಲಿ ಕರಗುವ ರೂಪ ಬರುತ್ತದೆ. ನೂಲನ್ನು ಅದರಲ್ಲಿ ಅದ್ದಿ ಮೇಲೆತ್ತಿದರೆ ಗಾಳಿಯ ಆಮ್ಲಜನಕ ತಾಗಿ ಉತ್ಕರ್ಷಣಗೊಂಡು ಕಣ್ಣೆದುರೇ ನೀಲಿಯಾಗುತ್ತದೆ. ಮತ್ತೆ ಅದ್ದಬೇಕು, ಮತ್ತೆ ಗಾಳಿಗೆ ಹಿಡಿಯಬೇಕು. ಹೀಗೆ ಹಲವು ಸಲ. ಬಣ್ಣ ನೂಲಿನ ಹೊರಮೈಯಲ್ಲೇ ಪದರಗಟ್ಟುತ್ತದೆ, ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಉಜ್ಜಿದಲ್ಲಿ ಪದರ ಸವೆದು ಬಿಳಿ ಕಾಣುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಹೊಸ ಜೀನ್ಸನ್ನು ಉಜ್ಜಿಸಿದೆ. ಬಟ್ಟೆ ನೀಲಿಯಾಯಿತು.

“ಮಿಸ್, ಇದು ಬಟ್ಟೆಗೆ ಹಾಕೋ ನೀಲಿನಾ?” ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಅಲ್ಲ ಎಂದೆ. ಬಿಳಿ ಬಟ್ಟೆಗೆ ಹಾಕುತ್ತಿದ್ದ ಹಳೆಯ ಕಾಲದ ನೀಲಿಪುಡಿ ಅಲ್ಟ್ರಾಮರೀನ್ ಎಂಬ ಖನಿಜ ಬಣ್ಣ, ಇದು ಮೂಲದಲ್ಲಿ ಗಿಡದ ಬಣ್ಣ. ನೀಲಿಗಿಡ ನಮ್ಮ ದೇಶದ್ದು. ಇಂಡಿಗೊ ಎಂಬ ಹೆಸರಿನಲ್ಲೇ ಇಂಡಿಯಾ ಇದೆ. ನಮ್ಮ ‘ನೀಲ’ ಅರಬ್ಬಿ, ಪೋರ್ಚುಗೀಸ್ ಭಾಷೆಗಳಲ್ಲಿ ‘ಅನಿಲ್’ ಆಗಿ, ರಸಾಯನಶಾಸ್ತ್ರದ ‘ಅನಿಲೀನ್’ ಆಯಿತು. ಸಮಾಜ ವಿಜ್ಞಾನದಲ್ಲಿ ಓದಿದ 1917ರ ಚಂಪಾರಣ್ ನೆನಪಿದೆಯೇ ಎಂದು ಕೇಳಿದೆ. ರೈತರು ಪ್ರತಿ ಬಿಘಾ ಜಮೀನಿನಲ್ಲಿ ಮೂರು ಕಠ್ಠಾದಷ್ಟು, ಅಂದರೆ ಇಪ್ಪತ್ತರಲ್ಲಿ ಮೂರು ಪಾಲು, ನೀಲಿ ಬೆಳೆಯಲೇಬೇಕೆಂಬ ಕಟ್ಟುಪಾಡು ಅಲ್ಲಿತ್ತು. ಅಷ್ಟರಲ್ಲಾಗಲೇ ಜರ್ಮನಿಯ ಬೇಯರ್ 1880ರಲ್ಲಿ ಪ್ರಯೋಗಾಲಯದಲ್ಲಿ ಇಂಡಿಗೊ ತಯಾರಿಸಿದ್ದರು. 1897ರಿಂದ ಕಾರ್ಖಾನೆಯ ಇಂಡಿಗೊ ಮಾರುಕಟ್ಟೆಗೆ ಬಂದು, ಗಿಡದ ನೀಲಿಯ ಬೆಲೆ ಬಿದ್ದಿತ್ತು. ಬೆಲೆ ಬಿದ್ದಾಗ ಅದರ ಹೊರೆ ಬೆಳೆದವನ ಹೆಗಲಿಗೇ ಬಂತು. ಕೊಬ್ಬರಿ ರೇಟು ನೋಡುತ್ತ ಬೆಳೆದ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಜೀನ್ಸ್ ಕೂಡ ಮೊದಲು ಷೋಕಿಯ ಬಟ್ಟೆಯಲ್ಲ. 1873ರಲ್ಲಿ ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೆವಿ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ ಸೇರಿ, ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ ಪ್ಯಾಂಟಿಗೆ ಪೇಟೆಂಟ್ ಪಡೆದರು. ದುಡಿಯುವವರ ಜೇಬು ಬೇಗ ಹರಿಯುತ್ತಿತ್ತು, ಅದಕ್ಕೆ ರಿವೆಟ್. ನಮ್ಮ ಮುಂಬಯಿಯ ಡೋಂಗ್ರಿಯ ಒರಟು ಬಟ್ಟೆಯಿಂದ ‘ಡಂಗರಿ’ ಎಂಬ ಇಂಗ್ಲಿಷ್ ಹೆಸರು ಬಂತು, ಅದೂ ಕೂಲಿಯವರ, ಹಡಗಿನವರ ಬಟ್ಟೆ. ದುಡಿದು ದುಡಿದು ಮೊಣಕಾಲು ಬೆಳ್ಳಗಾಗುತ್ತಿತ್ತು. ಈಗ ಆ ಬಿಳುಪನ್ನು ದುಡಿಯದೆಯೇ ತರುತ್ತಾರೆ. ನಮ್ಮ ರಾಜ್ಯದಲ್ಲಿ ಆ ಕೆಲಸ ನೋಡಬೇಕೆಂದರೆ ಬಳ್ಳಾರಿಗೆ ಹೋಗಬೇಕು. ಅಲ್ಲಿ ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಘಟಕಗಳಿವೆ, ಹೊಲಿದದ್ದನ್ನು ತೊಳೆಯುವ ಘಟಕಗಳೂ ಇವೆ. ಇಂಥ ವಾಷಿಂಗ್ ಘಟಕಗಳಲ್ಲಿ ಹೊಸ ಪ್ಯಾಂಟನ್ನು ಪ್ಯೂಮಿಸ್ ಕಲ್ಲಿನೊಂದಿಗೋ ಕಿಣ್ವದೊಂದಿಗೋ ಯಂತ್ರದಲ್ಲಿ ಉರುಳಿಸಿ ಮೇಲ್ಪದರ ಸವೆಸುತ್ತಾರೆ. ಬೇಕಾದ ಕಡೆ ಇನ್ನಷ್ಟು ಬಿಳಿ ಮಾಡಲು ಪೊಟ್ಯಾಸಿಯಂ ಪರ್‌ಮ್ಯಾಂಗನೇಟ್ ಸಿಂಪಡಿಸುವುದುಂಟು. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿರುವ ಅದೇ ನೇರಳೆ ಹರಳು, ಪ್ರಬಲ ಉತ್ಕರ್ಷಣಕಾರಿ. ಗಾಳಿಯ ಉತ್ಕರ್ಷಣದಿಂದ ಬಂದ ನೀಲಿ, ಅದಕ್ಕಿಂತ ಜೋರಾದ ಉತ್ಕರ್ಷಣದಿಂದ ಒಡೆದು ಹೋಗುತ್ತದೆ. ತೊಳೆದ ನೀಲಿ ನೀರನ್ನು ಶುದ್ಧಗೊಳಿಸದೆ ಬಿಟ್ಟರೆ ಅದು ಹಳ್ಳ ಸೇರುತ್ತದೆ. ಬಳ್ಳಾರಿಯಲ್ಲಿ ಈ ಬಗ್ಗೆ ದೂರುಗಳಿವೆ.

ಕೊನೆಯಲ್ಲಿ ಮೊದಲ ಬೆಂಚಿನ ಹುಡುಗಿ ಕೇಳಿದಳು: “ಹಳೇದರ ಥರ ಕಾಣೋಕೆ ಯಾಕ್ ಮಿಸ್ ಜಾಸ್ತಿ ದುಡ್ಡು ಕೊಡ್ಬೇಕು?” ಫ್ಯಾಷನ್ ಎಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಗಂಟೆ ಹೊಡೆಯಿತು.

ಎರಡನೆಯ ಅವಧಿಗೆ ಒಂದು ಎಳನೀರು ಮತ್ತು ಮಚ್ಚನ್ನು ತಂದಿದ್ದೆ. ಮಾರ್ಗದರ್ಶಕ ಶಿಕ್ಷಕರು ಮಚ್ಚನ್ನು ತಾವೇ ಹಿಡಿದು ಎರಡು ಚೂರು ಕೊಚ್ಚಿ ಕೊಟ್ಟರು. ಹಸಿ ಚೂರು ಬೆಳ್ಳಗಿತ್ತು. ನನ್ನ ಬಿಳಿ ಕರವಸ್ತ್ರವನ್ನು ಅದಕ್ಕೆ ಒತ್ತಿ ಎಲ್ಲರಿಗೂ ತೋರಿಸಿದೆ. ಒದ್ದೆ ಗುರುತು ಬಿಟ್ಟರೆ ಏನೂ ಇರಲಿಲ್ಲ. “ಈಗ ಏನಾಗುತ್ತದೆ?” ಎಂದು ಇಡೀ ತರಗತಿಯನ್ನು ಕೇಳಿದೆ, ಯಾರ ಕಡೆಯೂ ನೋಡದೆ.

ಕೊನೆಯ ಬೆಂಚಿನಿಂದ ಉತ್ತರ ಬಂತು. “ಕೊಚ್ಚಿದಾಗ ಬೆಳ್ಳಗಿರ್ತದೆ ಮಿಸ್. ಸ್ವಲ್ಪ ಹೊತ್ತಿಗೆ ಕೆಂಪಾಗ್ತದೆ. ಮಚ್ಚು ತುಕ್ಕು ಹಿಡಿದಿದ್ರೆ ಕಪ್ಪಾಗ್ತದೆ.”

ಅವನೇ. ಒಂದು ವಾರದ ನಂತರ ಆಡಿದ ಮೊದಲ ಮಾತು.

ನಾನು ಬರೆದಿಟ್ಟುಕೊಂಡಿದ್ದ ವಿವರಣೆ ಅಷ್ಟೂ ಆ ಮೂರು ವಾಕ್ಯಗಳಲ್ಲಿತ್ತು. ಯಾಕೆ ಕೆಂಪಾಗುತ್ತದೆ ಎಂದು ಕೇಳಿದೆ. ಗಾಳಿ ತಾಗಿ ಎಂದು ಇನ್ನೊಬ್ಬ. ಹಾಗಾದರೆ ಗಾಳಿ ತಾಗದ ಹಾಗೆ ಮಾಡಿದರೆ? “ಬದನೆಕಾಯಿ ಹೆಚ್ಚಿ ನೀರಿಗೆ ಹಾಕ್ತಾರಲ್ಲ ಮಿಸ್, ಕಪ್ಪಾಗ್ಬಾರ್ದು ಅಂತ” ಎಂದಳು ಒಬ್ಬ ಹುಡುಗಿ. ಒಂದು ಚೂರನ್ನು ನಿಂಬೆರಸ ಹಿಂಡಿದ ನೀರಿನಲ್ಲಿ ಮುಳುಗಿಸಿದೆವು, ಇನ್ನೊಂದನ್ನು ಮೇಜಿನ ಮೇಲೆ ಬಿಟ್ಟೆವು. ಅವಧಿ ಮುಗಿಯುವ ಹೊತ್ತಿಗೆ ವ್ಯತ್ಯಾಸ ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಪಠ್ಯಪುಸ್ತಕದಲ್ಲಿ ಉತ್ಕರ್ಷಣಕ್ಕೆ ತಾಮ್ರದ ಪುಡಿ ಕಾಯಿಸಿ ಕಪ್ಪಾಗುವ ಚಟುವಟಿಕೆ ಇದೆ. ಅದನ್ನೂ ಮಾಡಿ ತೋರಿಸಿದೆ. ಆದರೆ ಮಕ್ಕಳು ನೋಡುತ್ತಿದ್ದದ್ದು ಮಟ್ಟೆಯ ಚೂರನ್ನು.

ಆಮೇಲೆ ಪಟ್ಟಿಗಳು. ಮಟ್ಟೆ, ಅಡಿಕೆ, ಅಳಲೆಕಾಯಿ ಇವೆಲ್ಲದರಲ್ಲಿರುವ ಒಗರು ಟ್ಯಾನಿನ್ ಎಂಬ ವಸ್ತುವಿನದು. ಅದು ಹತ್ತಿಯ ನೂಲಿನೊಳಕ್ಕೆ ಇಳಿಯುತ್ತದೆ, ಲೋಹದೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಬರೀ ಮಟ್ಟೆಯ ನೀರಿನಲ್ಲಿ ಅದ್ದಿದ ಪಟ್ಟಿ ತಿಳಿ ಕಂದು. ಪಟಿಕದ ನೀರಿನಲ್ಲಿ ನೆನೆಸಿ ಆಮೇಲೆ ಅದ್ದಿದ್ದು ಇನ್ನೂ ಕೊಂಚ ಗಾಢ. ಮಟ್ಟೆಯ ನೀರಿನಿಂದ ತೆಗೆದು ಮೊಳೆಯ ವಿನೆಗರ್‌ಗೆ ಹಾಕಿದ್ದು ನೋಡುನೋಡುತ್ತಲೇ ಬೂದುಗಪ್ಪು. ಮಚ್ಚಿನ ತುಕ್ಕಿನ ಮಾತು ನಿಜವಾಯಿತು ಎಂದೆ. ಕಲಂಕಾರಿ ಮಾಡುವವರು ಅಳಲೆಕಾಯಿಯ ರಸ ಹಿಡಿಸಿದ ಬಟ್ಟೆಯ ಮೇಲೆ ಬೆಲ್ಲದ ನೀರಿನಲ್ಲಿ ಕೊಳೆಸಿದ ಕಬ್ಬಿಣದ ದ್ರಾವಣದಿಂದ ಕಪ್ಪು ಗೆರೆ ಎಳೆಯುವುದೂ ಇದೇ ಕ್ರಿಯೆ. ಚಿಕ್ಕನಾಯಕನಹಳ್ಳಿ ಕಡೆ ನೆಂಟರಿದ್ದವರು ಅಡಿಕೆ ಸುಲಿಯುವವರ ಕೈಗಳ ಬಗ್ಗೆ ಹೇಳಿದರು. ಅಡಿಕೆ ಬೇಯಿಸಿದ ಚೊಗರಿನಿಂದಲೇ ಸಾಗರ ತಾಲ್ಲೂಕಿನ ಹೆಗ್ಗೋಡಿನ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ, ನಗರದವರು ಅದನ್ನು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ ಎಂದು ನಾನು ಹೇಳಿದೆ.

“ಹಂಗಾದ್ರೆ ಕರೆ ಅಂದ್ರೆ ಬಣ್ಣಾನೇ ಅಲ್ವಾ ಮಿಸ್?” ಎಂದು ಮೊದಲ ಬೆಂಚಿನ ಅದೇ ಹುಡುಗಿ ಕೇಳಿದಳು.

“ಹೌದು. ಬೇಕು ಅಂತ ಹಾಕಿದರೆ ಬಣ್ಣ, ಕೆಲಸ ಮಾಡುವಾಗ ತಾನಾಗಿ ಬಿದ್ದರೆ ಕರೆ. ರಸಾಯನಶಾಸ್ತ್ರಕ್ಕೆ ಎರಡೂ ಒಂದೇ” ಎಂದೆ. ಹಿಂದಿನ ದಿನದ ಅವಳ ಪ್ರಶ್ನೆಗೂ ಅರ್ಧ ಉತ್ತರ ಅದರಲ್ಲಿತ್ತು. ಕೆಲಸದ ಗುರುತನ್ನು ಕೆಲಸ ಮಾಡದವರು ಹಾಕಿಕೊಂಡರೆ ಅದಕ್ಕೆ ಬೆಲೆ ಇದೆ. ಮಾಡುವವರ ಮೈಮೇಲೆ ಅದು ಇದ್ದರೆ ಒಗೆದುಕೊಂಡು ಬಾ ಎನ್ನುತ್ತೇವೆ. ಈ ಉಳಿದರ್ಧವನ್ನು ತರಗತಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಎಲ್ಲರೂ ಹಿಂತಿರುಗಿ ಕೊನೆಯ ಬೆಂಚನ್ನು ನೋಡುತ್ತಿದ್ದರು.

ಬಿಸಿಯೂಟದ ನಂತರ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಅವನೊಬ್ಬನೇ ಸಿಕ್ಕ. “ಅವತ್ತು ಅಂಗಿ ವಿಷಯಕ್ಕೆ ಹಾಗೆ ಅಂದಿದ್ದು ನನ್ನ ತಪ್ಪು ಕಣಪ್ಪ. ನೀನು ಒಗೆದಿದ್ದೆ. ನಾನು ಕೇಳಿಸಿಕೊಳ್ಳಲಿಲ್ಲ” ಎಂದೆ. ಅವನು ತಟ್ಟೆ ತೊಳೆಯುತ್ತಲೇ, “ಇರ್ಲಿ ಬಿಡಿ ಮಿಸ್” ಎಂದ. ಇನ್ನೇನೂ ಹೇಳಲಿಲ್ಲ. ಅಂದೂ ಮರುದಿನವೂ ಸ್ವೆಟರ್ ತೆಗೆಯಲಿಲ್ಲ. ನಲವತ್ತು ಮಕ್ಕಳ ಮುಂದೆ ಆಡಿದ ಮಾತನ್ನು ನಲ್ಲಿಯ ಹತ್ತಿರ ಒಬ್ಬನ ಮುಂದೆ ಹಿಂತೆಗೆದುಕೊಂಡರೆ ಲೆಕ್ಕ ಸರಿದೂಗುವುದಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಸೋಮವಾರ ಪಾಠ ಆರಂಭಿಸುವ ಮೊದಲು ತರಗತಿಗೆ ಹೇಳಿದೆ: “ಹೋದ ವಾರ ನಾನು ಒಂದು ಮಾತು ತಪ್ಪಾಗಿ ಆಡಿದ್ದೆ. ಬಟ್ಟೆ ಮೇಲಿರೋದು ಕೊಳೆಯೋ ಕೆಲಸದ ಕರೆಯೋ ಅಂತ ವಿಚಾರಿಸದೆ ಆಡಿದ ಮಾತು.” ಹೆಸರು ಹೇಳಲಿಲ್ಲ, ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ಸಹಪಾಠಿಯ ಅವಲೋಕನ ನಮೂನೆಯಲ್ಲಿ ಇದಕ್ಕೆ ಯಾವ ಕಾಲಮ್ಮೂ ಇರಲಿಲ್ಲ.

ಘಟಕ ಪರೀಕ್ಷೆಯಲ್ಲಿ “ಉತ್ಕರ್ಷಣ ಎಂದರೇನು? ಎರಡು ಉದಾಹರಣೆ ಕೊಡಿ” ಎಂಬ ಪ್ರಶ್ನೆ ಇಟ್ಟಿದ್ದೆ. ಅವನ ಉತ್ತರ ಪತ್ರಿಕೆಯಲ್ಲಿ ಮೊದಲ ಉದಾಹರಣೆ ತಾಮ್ರದ ಪುಡಿ. ಎರಡನೆಯದು: “ಎಳನೀರಿನ ಮಟ್ಟೆಯ ರಸ ಅಂಗಿಗೆ ಬಿದ್ದು ಗಾಳಿಗೆ ಕೆಂಪಾಗುವುದು.” ಪೂರ್ಣ ಅಂಕ ಕೊಟ್ಟೆ. ನನ್ನ ಕರವಸ್ತ್ರ ಮತ್ತು ಮೂರು ಪಟ್ಟಿಗಳನ್ನು ಬೋಧನೋಪಕರಣಗಳ ಕಡತದಲ್ಲಿ ಅಂಟಿಸಿ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಕೊಟ್ಟಿದ್ದೇನೆ, ಬೇಕಾದವರು ಬಳಸಬಹುದು. ಕರವಸ್ತ್ರವನ್ನು ಕೊಡುವ ಮೊದಲು ಎರಡು ಸಲ ಸೋಪು ಹಾಕಿ ಒಗೆದೆ. ಕರೆ ಹೋಗಿಲ್ಲ.